ನಮ್ಮ ಪಾಲಿನ ಅರ್ಧ ಬಾವಿ

ಬಾವಿ ಇದ್ದ ಮನೆಯಲ್ಲಿ ದಿನಕ್ಕೊಂದು ರಗಳೆ ತಪ್ಪಿದ್ದಲ್ಲ. ಹಗ್ಗ ಹರಿಯುತ್ತದೆ, ಕೊಡ ಬೀಳುತ್ತದೆ, ಗಡಗಡಿ ಕಿರುಚುತ್ತದೆ, ನೀರು ನಾರುತ್ತದೆ. ಒಂದನ್ನು ಸರಿಮಾಡುವಷ್ಟರಲ್ಲಿ ಇನ್ನೊಂದು ಸೊಂಟದ ಮೇಲೆ ಕೈಯಿಟ್ಟು ನಿಂತಿರುತ್ತದೆ. ಅಂಥದ್ದರಲ್ಲಿ ನಮ್ಮ ಮನೆಗಿದ್ದದ್ದು ಅರ್ಧ ಬಾವಿ. ಬಾವಿ ಅರ್ಧವಾದರೆ ರಗಳೆಯೂ ಅರ್ಧವಾಗುತ್ತದೆ ಎಂದು ಯಾರಾದರೂ ತಿಳಿದರೆ, ಅವರು ನಮ್ಮ ಮನೆಗೆ ಬಂದು ಒಂದು ಬೇಸಿಗೆ ಕಳೆಯಬೇಕಿತ್ತು.

ನಾನು ಹೊಳೆಸಾಲಿನ ಹುಡುಗಿ. ತವರು ಹನುಮನಹಳ್ಳಿ. ಅಲ್ಲಿ ನೀರು ಬೇಕೆಂದರೆ ತುಂಗಭದ್ರೆಯಲ್ಲಿ ಕೊಡ ಅದ್ದುವುದು, ಎತ್ತುವುದು, ಅಷ್ಟೇ. ನಿಜಾಮರ ಕಾಲದಲ್ಲಿ ಕುಷ್ಟಗಿಯ ವ್ಯಾಪಾರಸ್ಥರ ಮನೆಗೆ ಸೊಸೆಯಾಗಿ ಬಂದಾಗ ಮೊದಲು ಕಂಡದ್ದು ಹಿತ್ತಲಿನ ಆಳವಾದ ಬಾವಿ, ಎರಡನೆಯದು ನನ್ನ ಅಂಗೈಯ ಬೊಬ್ಬೆ. ಆದರೆ ಆ ಬಾವಿಯ ನೀರು ಸಿಹಿ. ಸುತ್ತಲಿನ ಮನೆಗಳ ಬಾವಿಗಳೆಲ್ಲ ಸವಳು. ಬೇಳೆ ಬೇಯುತ್ತಿರಲಿಲ್ಲ, ಸಾಬೂನು ನೊರೆ ಬಿಡುತ್ತಿರಲಿಲ್ಲ. ನಮ್ಮ ಬಾವಿ ಕೈಕೊಟ್ಟರೆ ಊರ ಹೊರಗಿನ ಬಾವಿಗೆ ಹೋಗಿ, ಬಿಸಿಲಲ್ಲಿ ಸರದಿ ನಿಂತು, ತಲೆಯ ಮೇಲೆ ಕೊಡ ಹೊತ್ತು ಬರಬೇಕು. ಹೊಳೆ ಬಿಟ್ಟು ಬಂದದ್ದೇ ಸಾಕು, ಈ ಬಾವಿಯನ್ನು ಮಾತ್ರ ಬಿಡುವುದಿಲ್ಲ ಎಂದು ನಾನು ಅಂದೇ ಗಟ್ಟಿ ಮಾಡಿಕೊಂಡೆ.

ಬಾವಿಗೆ ಶತ್ರು ಮಳೆಯಲ್ಲ, ಬಿಸಿಲೂ ಅಲ್ಲ. ನನ್ನ ಗಂಡ ಮತ್ತು ಅವರ ಅಣ್ಣ.

ಗೋಡೆ ಎದ್ದದ್ದು

ಅಣ್ಣತಮ್ಮಂದಿರ ಜಗಳ ಹುಟ್ಟಿದ್ದು ಯಾವ ಎತ್ತಿಗೆ ಮೊದಲು ನೀರು ಕುಡಿಸಬೇಕು ಎಂಬುದರ ಮೇಲೆ. ಎತ್ತುಗಳು ಎರಡೂ ಕುಡಿದು ಮಲಗಿದವು. ಇವರು ಮಾತ್ರ ಮಲಗಲಿಲ್ಲ. ಬೆಳಗಾಗುವಷ್ಟರಲ್ಲಿ ಮಾತು ಪಾಲಿಗೆ ಬಂದಿತ್ತು.

ಊರ ಹಿರಿಯರು ಬಂದು ಕೂತರು. ಮನೆ ನಡುಮಧ್ಯೆ ಪಾಲಾಯಿತು. ಹಂಡೆ, ತಪ್ಪಲಿ, ದನ, ಕರ ಎಲ್ಲ ಪಾಲಾದವು. ಹಿತ್ತಲಿಗೆ ಬಂದಾಗ ಹಿರಿಯರು ನಿಂತರು. ಗೆರೆ ಸರಿಯಾಗಿ ಬಾವಿಯ ನಡುವೆ ಹಾಯುತ್ತಿತ್ತು.

"ಬಾವಿ ಒಂದು ಕೂಡಿ ಇರ್ಲಿ ಬಿಡ್ರಿ. ನೀರೇನು ಖಾಲಿ ಆಗತೈತಿ?" ಎಂದರು ಹಿರಿಯರು.

"ಪಾಲು ಅಂದ್ರ ಪಾಲು," ಎಂದರು ಭಾವನವರು, ಅಂದರೆ ನನ್ನ ಗಂಡನ ಅಣ್ಣ.

"ಅವ್ರಿಗಿಂತ ಮೊದ್ಲ ನಾನಽ ಅನ್ನಾವಿದ್ದೆ," ಎಂದರು ನಮ್ಮ ಮನೆಯವರು. ಅದೊಂದು ವಿಷಯದಲ್ಲಿ ಮಾತ್ರ ಇಬ್ಬರಲ್ಲೂ ಒಮ್ಮತವಿತ್ತು.

ಬಾವಿಯ ಬಾಯಿಗೆ ಅಡ್ಡಲಾಗಿ ಕಲ್ಲಿನ ತೊಲೆ ಬಿತ್ತು. ತೊಲೆಯ ಮೇಲೂ ಹಿತ್ತಲಿನ ಉದ್ದಕ್ಕೂ ಗೋಡೆ ಎದ್ದಿತು. ಆ ಕಡೆ ಅವರ ಗಡಗಡಿ, ಈ ಕಡೆ ನಮ್ಮದು. ಗೌಂಡಿ ಕೈ ತೊಳೆದುಕೊಂಡು ಹೊರಡುವಾಗ ಭಾವನವರು ತಮ್ಮ ಕಡೆಯಿಂದ ಬಾವಿಗೆ ಇಣುಕಿ ನೋಡಿದರು. ಮೇಲೆ ಗೋಡೆ ಇದೆ, ಕೆಳಗೆ ನೀರು ಇಲ್ಲಿಂದ ಅಲ್ಲಿಗೆ ಆರಾಮಾಗಿ ಹೋಗಿ ಬರುತ್ತಿದೆ.

"ಕೆಲಸ ಅರ್ಧಕ್ಕ ಬಿಟ್ಟೀಯಲ್ಲೋ. ನೀರಿನ್ಯಾಗೂ ಕಟ್ಟು," ಎಂದರು.

ಗೌಂಡಿ ತನ್ನ ಕರಣಿಯನ್ನು ಚೀಲಕ್ಕೆ ಹಾಕಿಕೊಂಡು ಹೇಳಿದ: "ಅದಕ್ಕ ಮೊಸಳಿ ಗೌಂಡಿ ಬೇಕಾಗ್ತಾನ್ರಿ ಧಣಿ. ನಮ್ಮ ಕಡಿ ಸಿಗಂಗಿಲ್ಲ. ನಿಮ್ಮ ತಮ್ಮನ ಹೆಂಡತಿ ತವರಿನ ಹೊಳ್ಯಾಗ ಕೇಳಿ ನೋಡ್ರಿ."

ಎಣ್ಣೆ

ಗಂಡಸರು ಮಾತು ಬಿಟ್ಟರು. ನಾನೂ ನನ್ನ ನೆಗೆಣ್ಣಿಯೂ, ಅಂದರೆ ಭಾವನವರ ಹೆಂಡತಿಯೂ, ಮಾತು ಬಿಡಬೇಕೆಂದು ಎರಡೂ ಮನೆಯಲ್ಲಿ ಅಪ್ಪಣೆಯಾಯಿತು. ನಾವು ಆಯಿತು ಎಂದೆವು. ಆಯಿತು ಎನ್ನುವುದಕ್ಕೆ ಏನು ಖರ್ಚು?

ಮಾರನೆಯ ದಿನ ನೀರು ಸೇದಲು ಬಾವಿಗೆ ಬಾಗಿದೆ. ಕೆಳಗೆ ನೀರಿನಲ್ಲಿ ನನ್ನ ಮುಖದ ಪಕ್ಕಕ್ಕೆ ಇನ್ನೊಂದು ಮುಖ ಕಂಡಿತು. ಗೋಡೆಯ ಆಚೆಯಿಂದ ನೆಗೆಣ್ಣಿ ಬಾಗಿದ್ದಳು; ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ. ಅವಳು ಹಲ್ಲು ಬಿಟ್ಟು ನಕ್ಕಳು. ಪಿಸುಗುಟ್ಟಿದರೂ ಸಾಕು, ಬಾವಿ ಅದನ್ನು ತಾನೇ ಎತ್ತಿ ಈ ಕಡೆಗೆ ಕೊಡುತ್ತಿತ್ತು. ಅಂದಿನಿಂದ ನಮ್ಮ ಸುಖದುಃಖವೆಲ್ಲ ಅಲ್ಲೇ. ಮಾಡಿದ ಪಲ್ಯ, ಚಟ್ನಿ ಬಕೀಟಿನಲ್ಲಿ ಕೂತು, ಗೋಡೆಯ ಕೆಳಗೆ ನುಸುಳಿ, ಆಚೆಯ ಮನೆಗೆ ಹೋಗುತ್ತಿತ್ತು. "ನೀರು ಸೇದಾಕ ಇಷ್ಟ ಹೊತ್ತೇನು?" ಎಂದು ಇವರು ಕೇಳಿದರೆ, "ಹಗ್ಗ ಭಾರ ಐತ್ರಿ" ಎನ್ನುತ್ತಿದ್ದೆ.

ಒಂದು ದಿನ ಅವರ ಗಡಗಡಿ ಕಿರುಚತೊಡಗಿತು. ಬೆಳ್ಳಂಬೆಳಗ್ಗೆ ಅದು ಕಿರುಚಿದರೆ ನಮ್ಮ ದನ ಕೂಡ ಎದ್ದು ನಿಲ್ಲುತ್ತಿದ್ದವು. ಎಣ್ಣೆ ಬಿಟ್ಟರೆ ಮುಗಿಯುವ ಕೆಲಸ. ಆದರೆ ನಮ್ಮ ಮನೆಯವರ ತಲೆಯಲ್ಲಿ ಬೇರೆಯೇ ಹೊಕ್ಕಿತು.

"ನನ್ನ ನಿದ್ದಿ ಕೆಡಸಾಕ ಬೇಕಂತಽ ಎಣ್ಣಿ ಬಿಟ್ಟಿಲ್ಲ. ತಡಿ ಅವಗ," ಎಂದು ಎದ್ದವರೇ ನಮ್ಮ ಗಡಗಡಿಯಲ್ಲಿದ್ದ ಎಣ್ಣೆಯನ್ನು ಅರಿವೆಯಿಂದ ಒರೆಸಿ ತೆಗೆದರು. ಅಷ್ಟಕ್ಕೆ ಸಮಾಧಾನವಾಗದೆ ಒಂದು ಚಿಟಿಕೆ ಉಸುಕನ್ನೂ ಹಾಕಿದರು. ಆ ಕಡೆ ಭಾವನವರು ಏನು ಹಾಕಿದರೋ ಕಾಣೆ, ಅವರದು ಇನ್ನೂ ಒಂದು ಸ್ವರ ಮೇಲೇರಿತು. ಎರಡೂ ಕೂಡಿ ಕೂಗಿದರೆ ಓಣಿಯಲ್ಲಿ ಮಲಗಿದ ಕೂಸುಗಳೆಲ್ಲ ಅಳುತ್ತಿದ್ದವು.

ನೋಡಿ ನೋಡಿ ನನಗೆ ಸಿಟ್ಟು ಬಂತು. ಉಸುಕು ತಿಂದರೆ ಗಡಗಡಿಯ ಅಚ್ಚು ಉಳಿಯುವುದಿಲ್ಲ, ಅಚ್ಚು ಮುರಿದರೆ ನೀರಿಲ್ಲ. ಇವರು ಅಂಗಡಿಗೆ ಹೋದ ಮೇಲೆ ಗಡಗಡಿ ತೊಳೆದು, ಔಡಲೆಣ್ಣೆ ಹೊಯ್ದೆ. ಉಳಿದ ಎಣ್ಣೆಯನ್ನು ಬಕೀಟಿನಲ್ಲಿಟ್ಟು ಅಕ್ಕನಿಗೂ ಕಳಿಸಿದೆ.

ಮಾರನೆಯ ಬೆಳಗ್ಗೆ ಎರಡೂ ಗಡಗಡಿ ಸದ್ದಿಲ್ಲದೆ ತಿರುಗಿದವು. ನಮ್ಮ ಮನೆಯವರು ಹಾಸಿಗೆಯಲ್ಲೇ ಕಿವಿಗೊಟ್ಟು ಕೇಳಿದರು. ಏನೂ ಇಲ್ಲ. ಎದ್ದು ಕೂತು ಮೀಸೆ ತಿರುವಿದರು.

"ಕೇಳಿದ್ಯಾ? ಸೋತ ನೋಡು!"

ಅದೇ ಹೊತ್ತಿಗೆ ಗೋಡೆಯಾಚೆ ಭಾವನವರ ದನಿ ಕೇಳಿಸಿತು: "ಹೆಂಗ ಬಂದ ನೋಡು ದಾರಿಗೆ!"

ಪಾತಾಳಗರಡಿ

ಬಾವಿಗೆ ಬಿದ್ದ ಕೊಡ ತೆಗೆಯಲು ಸುತ್ತಲೂ ಕೊಕ್ಕೆಗಳಿರುವ ಒಂದು ಕಬ್ಬಿಣದ ಸಾಮಾನು ಇರುತ್ತದೆ, ಅದೇ ಪಾತಾಳಗರಡಿ. ಅದು ಎಲ್ಲರ ಮನೆಯಲ್ಲೂ ಇರುವುದಿಲ್ಲ. ಇದ್ದವರ ಮನೆಗೆ ಹೋಗಿ ಒಂದು ಹಿತ್ತಾಳೆ ಪಾತ್ರೆ ಒತ್ತೆ ಇಟ್ಟು ತರಬೇಕು. ಪಾತಾಳಗರಡಿಯೇ ಬಾವಿಯಲ್ಲಿ ಬಿದ್ದರೆ ಪಾತ್ರೆ ಅವರದು.

ಒಂದು ಮುಂಜಾನೆ ನನ್ನ ಕೊಡ ಬಿತ್ತು. ಅಯ್ಯೋ ಎಂದು ಬಾಗಿದ ಅಕ್ಕನ ಕೈಯಿಂದ ಅವಳದೂ ಬಿತ್ತು. ಎರಡೂ ಮನೆಯ ಯಜಮಾನರು ಒಂದೊಂದು ದಿಕ್ಕಿಗೆ ಹೋಗಿ, ಒಂದೊಂದು ಪಾತ್ರೆ ಒತ್ತೆ ಇಟ್ಟು, ಒಂದೊಂದು ಪಾತಾಳಗರಡಿ ತಂದರು. ಇಬ್ಬರೂ ಏಕಕಾಲಕ್ಕೆ ಇಳಿಬಿಟ್ಟು ತಳದಲ್ಲಿ ಆಡಿಸತೊಡಗಿದರು.

ಸ್ವಲ್ಪ ಹೊತ್ತಿಗೆ ನಮ್ಮ ಮನೆಯವರು ಕೂಗಿದರು: "ಸಿಕ್ತು! ಭಾರೀ ಸಿಕ್ತು! ಕೊಡ ಅಲ್ಲ ಇದು, ಹಂಡೇನಽ ಐತಿ!"

ಗೋಡೆಯಾಚೆಯಿಂದಲೂ ಏದುಸಿರು ಕೇಳುತ್ತಿತ್ತು. ನಾನು ಬಾಗಿ ನೋಡಿದೆ. ಎರಡೂ ಹಗ್ಗ ನೀರಿನೊಳಗೆ ಒಂದೇ ಕಡೆಗೆ ಹೋಗಿ ಸೇರಿದ್ದವು. ಕೊಕ್ಕೆಗೆ ಕೊಕ್ಕೆ ಸಿಕ್ಕಿಬಿದ್ದಿದೆ, ಇವರು ಅವರನ್ನು, ಅವರು ಇವರನ್ನು ಎಳೆಯುತ್ತಿದ್ದಾರೆ.

"ಒಂದೀಟು ಸಡ್ಲ ಬಿಡ್ರಿ," ಎಂದೆ.

"ಸಡ್ಲ ಬಿಟ್ರ ಹೋಗೇ ಬಿಡ್ತೈತಿ. ಎಷ್ಟು ಎಳದ್ರ ಅಷ್ಟು ಆ ಕಡೆ ಎಳೀತೈತಿ, ಜೀವ ಇದ್ದಂಗ ಐತಿ!"

"ಜೀವನಽ ಐತ್ರಿ. ನಿಮ್ಮ ಅಣ್ಣ ಅದಾರ ಆ ಕಡಿ."

ಹೇಳಬಾರದಿತ್ತು. ಅಲ್ಲಿಯವರೆಗೆ ಕೊಡಕ್ಕಾಗಿ ಎಳೆಯುತ್ತಿದ್ದವರು ಈಗ ಮರ್ಯಾದೆಗಾಗಿ ಎಳೆಯತೊಡಗಿದರು. ಕೈ ಸೋತಾಗ ಹಗ್ಗವನ್ನು ಕಂಬಕ್ಕೆ ಬಿಗಿದು, ರೊಟ್ಟಿ ತಿಂದು ಬರುತ್ತೇನೆ ಎಂದು ಒಳಗೆ ಹೋದರು. ಭಾವನವರೂ ಅವರ ಕಂಬಕ್ಕೆ ಬಿಗಿದರು. ಹಗ್ಗ ತಂತಿಯಂತೆ ಬಿಗಿದು ನಿಂತಿತು. ಹನಿ ನೀರು ಸೇದುವಂತಿಲ್ಲ, ಒಲೆಯ ಮೇಲೆ ಬೇಳೆ ಒಣಗುತ್ತಿದೆ.

"ಅಕ್ಕಾ, ಹಿಂಗಾದ್ರ ಸಂಜಿ ಅಡಿಗಿ ಹೆಂಗ?" ಎಂದು ಬಾವಿಗೆ ಹೇಳಿದೆ.

"ತಡಿ ತಂಗಿ. ಉಂಡ ಮ್ಯಾಲೆ ನಮ್ಮವ್ರಿಗೆ ಜೊಂಪು ಹತ್ತತೈತಿ," ಎಂದು ಬಾವಿ ಉತ್ತರ ಕೊಟ್ಟಿತು.

ನಮ್ಮ ಮನೆಯವರು ಕೈ ಒರೆಸಿಕೊಂಡು ಬಂದು, ಹಗ್ಗ ಬಿಚ್ಚಿ, ಒಂದು ಕಾಲನ್ನು ಬಾವಿಯ ಕಟ್ಟೆಗೆ ಒತ್ತಿ, ಮನೆದೇವರನ್ನು ನೆನೆದು ಜಗ್ಗಿದರು. ಅದೇ ಹೊತ್ತಿಗೆ ಅಕ್ಕ ಆಚೆ ಕಂಬದ ಗಂಟು ಬಿಚ್ಚಿದಳು. ಇವರು ಹಿಂದಕ್ಕೆ ಹಾರಿ ಸಗಣಿಯ ಗುಂಡಿಯಲ್ಲಿ ಕೂತರು. ಅಲ್ಲಿ ಕೂತೇ ಎಳೆದರು. ಕೊನೆಗೆ ಮೇಲೆ ಬಂದದ್ದು ಒಂದನ್ನೊಂದು ತಬ್ಬಿಕೊಂಡ ಎರಡು ಪಾತಾಳಗರಡಿ.

ಸಂಜೆ ಅಂಗಡಿ ಕಟ್ಟೆಯಲ್ಲಿ ನಮ್ಮವರು "ಅವನ ಪಾತಾಳಗರಡೀನಽ ಎಳಕೊಂಡೆ" ಎಂದು ಹೇಳಿಕೊಂಡರು. ಭಾವನವರು "ಪಾಪ ಅಂತ ನಾನಽ ಬಿಟ್ಟುಕೊಟ್ಟೆ" ಎಂದರು. ಊರವರು ಇಬ್ಬರಿಗೂ ಹೌದು ಹೌದು ಎಂದರು. ಕೊಡಗಳ ಬಗ್ಗೆ ಯಾರೂ ಕೇಳಲಿಲ್ಲ. ಅವು ಇನ್ನೂ ಬಾವಿಯಲ್ಲೇ ಇದ್ದವು.

ಕೆಂಪು ನೀರು

ಒಂದು ವರ್ಷ ಸುತ್ತಲಿನ ಹಳ್ಳಿಗಳಲ್ಲಿ ವಾಂತಿಭೇದಿ ಹಬ್ಬಿತು. ಮನೆಮನೆಯ ಬಾವಿಗೆ ಔಷಧದ ಪುಡಿ ಹಾಕಲು ಸರ್ಕಾರದ ಜವಾನನೊಬ್ಬ ಬಂದ. ನಮ್ಮ ಹಿತ್ತಲಿಗೆ ಬಂದವನು ಗೋಡೆ ನೋಡಿದ, ಬಾವಿ ನೋಡಿದ, ಮತ್ತೆ ಗೋಡೆ ನೋಡಿದ.

"ಏ ಕ್ಯಾ ಅಮ್ಮಾ? ಆಧಾ ಬಾವಡಿ?"

"ಹೌದ್ರಿ ಸಾಹೇಬ್ರ. ಅರ್ಧ ನಮ್ದು."

"ಹಂಗಾದ್ರೆ ದವಾ ಅರ್ಧ ಹಾಕ್ತೀನಿ," ಎಂದು ಭಾಳ ನ್ಯಾಯವಾಗಿ ಅರ್ಧ ಪೊಟ್ಟಣ ಹಾಕಿ, ಉಳಿದರ್ಧವನ್ನು ಜೇಬಿಗಿಟ್ಟುಕೊಂಡು, ಚಹಾ ಕುಡಿಯಲು ಹೋದ. ಆಚೆ ಮನೆಗೆ ಆಮೇಲೆ ಹೋಗುವವನಿದ್ದ, ಹೋಗಲೇ ಇಲ್ಲ.

ಅಷ್ಟರಲ್ಲಿ ಭಾವನವರು ಸ್ನಾನಕ್ಕೆಂದು ನೀರು ಸೇದಿದರು. ಬಕೀಟಿನ ತುಂಬ ಕೆಂಪು ನೀರು! ಬಾವಿಗೆ ಇಣುಕಿದರೆ ನಮ್ಮ ಕಡೆಯಿಂದ ಅವರ ಕಡೆಗೆ ಕೆಂಪು ಹರಡುತ್ತಾ ಬರುತ್ತಿದೆ.

"ಮಾಟ ಮಾಡಿಸ್ಯಾನ! ಕುಂಕುಮ ಕಲಸಿ ಬಿಟ್ಟಾನ ನೋಡ್ರಿ!" ಎಂಬ ಕೂಗು ಓಣಿಗೆಲ್ಲ ಕೇಳಿತು. "ಔಷಧ ಇದ್ದೀತ್ರಿ" ಎಂದು ಅಕ್ಕ ಹೇಳಿದ್ದು ಅವರ ಕಿವಿಗೆ ಬೀಳಲೇ ಇಲ್ಲ. ಯಲಬುರ್ಗಾದ ಕಡೆಯಿಂದ ಒಬ್ಬ ಮಂತ್ರದವನನ್ನು ಕರೆಸಿದರು. ಅವನು ಬಾವಿಯ ಮುಂದೆ ಕೂತು, ಲೋಬಾನ ಹಾಕಿ, ಏನೇನೋ ಗೊಣಗಿ, ಒಂದು ಬುಟ್ಟಿ ನಿಂಬೆಹಣ್ಣನ್ನು ಒಂದೊಂದಾಗಿ ನೀರಿಗೆ ಬಿಟ್ಟ. ಮಾಟ ಬಂದ ದಾರಿಯಲ್ಲೇ ತಿರುಗಿ ಹೋಗುತ್ತದೆ ಎಂದು ಹೇಳಿ ಹೋದ.

ನಿಂಬೆಹಣ್ಣು ತಿರುಗಿದ್ದು ಮಾತ್ರ ನಿಜ. ತೇಲುತ್ತಾ ಗೋಡೆಯ ಕೆಳಗೆ ನುಸುಳಿ ನಮ್ಮ ಕಡೆಗೆ ಬಂದವು. ನಮ್ಮ ಮನೆಯವರು ಮುಖ ತೊಳೆಯಲು ಹೋದವರು ಬೆವೆತು ಓಡಿ ಬಂದರು.

"ಬಾವಿ ಕಡೆ ಹೋಗಬ್ಯಾಡ! ನಿಂಬಿಹಣ್ಣು ಬಿಟ್ಟಾನ! ನಮ್ಮ ಮನಿತನ ತಗ್ಯಾಕ ಕುಂತಾನ!"

"ಅಲ್ರಿ, ಸರ್ಕಾರದ್ದು ಔಷಧ..."

"ಸರ್ಕಾರದವ್ರು ನಿಂಬಿಹಣ್ಣು ಹಂಚ್ತಾರೇನು?"

ಇಬ್ಬರೂ ಬಾವಿ ಮುಚ್ಚಿಸುವ ಮಾತಿಗೆ ಬಂದರು. ಬಾವಿ ಮುಚ್ಚಿದರೆ ಊರ ಹೊರಗಿನ ಸರದಿಯೇ ಗತಿ. ಸೆರಗು ಬಿಗಿದು ಬಾವಿಗೆ ಹೋದೆ. ಆಚೆಯಿಂದ ಅಕ್ಕನೂ ಬಂದಳು. ನಾವು ಇಬ್ಬರೂ ಬಕೀಟು ಬಿಟ್ಟು ನಿಂಬೆಹಣ್ಣೆಲ್ಲ ಬಾಚಿದೆವು. ಚೆನ್ನಾಗಿ ಒರೆಸಿ, ಹೆಚ್ಚಿ, ಉಪ್ಪು ಖಾರ ಹಾಕಿ, ಎರಡು ಭರಣಿ ತುಂಬಿದೆವು. ಅಷ್ಟರಲ್ಲಿ ಕೆಂಪು ತಾನಾಗಿಯೇ ತಿಳಿಯಾಯಿತು. ಬಾವಿ ಮುಚ್ಚುವ ಮಾತೂ ತಣ್ಣಗಾಯಿತು.

ಮುಂದೆ ಒಂದು ದಿನ ಭಾವನವರು ಊಟಕ್ಕೆ ಕೂತು, ಬೆರಳು ನೆಕ್ಕುತ್ತಾ ಕೇಳಿದರಂತೆ: "ಉಪ್ಪಿನಕಾಯಿ ಭಾಳ ಛಲೋ ಐತಿ. ನಿಂಬಿಹಣ್ಣು ಯಾವ ಊರಿನವು?"

"ನಿಮ್ಮ ತಮ್ಮನ ಮನಿತನ ತಗ್ಯಾಕ ಬಿಟ್ಟಿದ್ರಲ್ಲಾ, ಅವಽ ಅದಾವ. ಇನ್ನೊಂದೀಟು ಹಾಕ್ಲ್ಯಾ?" ಎಂದಳಂತೆ ಅಕ್ಕ.

ಹೂಳು

ಇಷ್ಟೆಲ್ಲ ಆದ ಮೇಲೂ ಅಸಲು ರೋಗ ಹಾಗೇ ಉಳಿದಿತ್ತು. ಗೋಡೆ ಎದ್ದಂದಿನಿಂದ ಬಾವಿಯ ಹೂಳು ತೆಗೆದಿರಲಿಲ್ಲ. "ನಾ ತಗಿಸಿದ್ರ ಅವಗ ಪುಕ್ಕಟೆ ಆಗತೈತಿ" ಎಂದು ಇವರು. "ನಾ ತಗಿಸಿದ್ರ ಇವಗ ಹಬ್ಬ" ಎಂದು ಅವರು. ಆ ಬೇಸಿಗೆಯಲ್ಲಿ ಸೇದಿದರೆ ಅರ್ಧ ಬಕೀಟು ರಾಡಿ ಬರತೊಡಗಿತು. ನೀರಿಗೆ ವಾಸನೆ ಬಂತು. ಸೆಲೆಯ ಬಾಯಿ ಮುಚ್ಚಿಹೋಗುತ್ತಿತ್ತು. ಇನ್ನೊಂದು ವರ್ಷ ಬಿಟ್ಟರೆ ಸಿಹಿನೀರಿನ ಬಾವಿ ಎಂಬುದು ಬರೀ ಹೆಸರಿಗೆ ಉಳಿಯುವುದು.

ನಾನು ಇವರಿಗೆ ಒಂದೇ ಮಾತು ಹೇಳಿದೆ: "ಹೂಳು ತಗಿಸ್ರಿ. ಇಲ್ಲಂದ್ರ ನಾಳಿಯಿಂದ ನೀವಽ ಕೊಡ ಹೊತ್ತು ಊರ ಹೊರಗ ಹೋಗ್ರಿ. ನಾ ಹೋಗಂಗಿಲ್ಲ." ಅಕ್ಕ ಆಚೆ ಅದೇ ಮಾತನ್ನು ಹೇಳಿದಳು. ಹೇಳುವ ಮೊದಲು ನಾವು ಬಾವಿಯಲ್ಲಿ ಅದನ್ನು ಕೂಡಿಸಿಕೊಂಡಿದ್ದೆವು.

ಗಂಡಸರು ಸಿಟ್ಟಾದರು, ಉಪವಾಸ ಮಲಗಿದರು, ಎದ್ದರು, ಕೊನೆಗೆ ಒಪ್ಪಿದರು. ಆದರೆ ಷರತ್ತು: ಅವರವರ ಅರ್ಧದ ಹೂಳು ಅವರವರದು. ಬೇವೂರಿನಲ್ಲಿ ಬಾವಿ ಕೆಲಸದ ಗಂಡಹೆಂಡತಿ ಇದ್ದರು. ನಮ್ಮವರು ಹೇಳಿಕಳಿಸಿದಾಗ ಗಂಡ ಬಂದ. ಭಾವನವರು ಹೇಳಿಕಳಿಸಿದಾಗ ಹೆಂಡತಿ ಬಂದಳು. ನೀರು ಸೇದಿ ಬಾವಿ ಬರಿದು ಮಾಡಿದ ಮೇಲೆ ಅವನು ಈ ಕಡೆಯಿಂದ ಇಳಿದ, ಅವಳು ಆ ಕಡೆಯಿಂದ ಇಳಿದಳು. ಕೆಳಗೆ ಹೋಗಿ ಇಬ್ಬರೂ ತಂಪಿನಲ್ಲಿ ಎಲೆ ಅಡಿಕೆ ಹಾಕಿಕೊಂಡು ಮಾತಿಗೆ ಕೂತರು.

"ಏ! ಅವ್ರ ಕಡೆ ಆಳಿನ ಜೋಡಿ ಮಾತಾಡಬ್ಯಾಡ!" ಎಂದು ನಮ್ಮವರು ಮೇಲಿನಿಂದ ಕೂಗಿದರು.

"ಆಕಿ ನನ್ನ ಹೇಣ್ತಿ ಅದಾಳ್ರಿ. ಮಾತಾಡ್ಲಿಲ್ಲಂದ್ರ ಮನ್ಯಾಗ ರೊಟ್ಟಿ ಸಿಗಂಗಿಲ್ಲ," ಎಂದು ಕೆಳಗಿನಿಂದ ಉತ್ತರ ಬಂತು.

ಕೆಲಸ ಶುರುವಾಯಿತು. ಇವನು ಈ ಅರ್ಧವನ್ನು ಬಾಚಿದರೆ ಆ ಅರ್ಧದ ರಾಡಿ ಜಾರಿ ಈ ಕಡೆಗೆ ಬಂದಿತು. "ಅವ್ರ ರಾಡಿ ನಮ್ಮ ಬುಟ್ಟ್ಯಾಗ ಯಾಕ ತುಂಬತೀ?" ಎಂದು ನಮ್ಮವರು. "ನಮ್ಮ ರಾಡಿ ಅವ್ರ ಕಡೆ ಯಾಕ ಬಿಟ್ಟಿ?" ಎಂದು ಭಾವನವರು. ತಮ್ಮ ರಾಡಿ ಕಳುವಾಯಿತೆಂದು ಅವರಿಗೆ ಹೊಟ್ಟೆಕಿಚ್ಚು. ತುಂಬಿದ ಬುಟ್ಟಿಯನ್ನು ತಿರುಗಿ ಸುರಿಸಿದರು. ಬೇವೂರಿನವನಿಗೆ ಸಾಕಾಯಿತು.

"ಧಣಿಗಳಽ, ರಾಡಿ ನಮ್ಮ ಮಾತು ಕೇಳವಲ್ದು. ಇಬ್ರೂ ಇಳಿದು ಬಂದು ಗೆರಿ ಹಾಕಿ ಕೊಡ್ರಿ."

ಅಣ್ಣತಮ್ಮ ಇಬ್ಬರಿಗೂ ಅದು ನ್ಯಾಯವೆನಿಸಿತು. ಧೋತರ ಮೇಲೆ ಕಟ್ಟಿ, ಬುಟ್ಟಿಯಲ್ಲಿ ಕೂತು, ಇವರು ಇಲ್ಲಿಂದ, ಅವರು ಅಲ್ಲಿಂದ ಇಳಿದರು. ಖಾಲಿ ಕೂರುವುದೇಕೆಂದು ಬೇವೂರಿನ ಗಂಡ ನಮ್ಮ ಹಗ್ಗ ಹಿಡಿದು ಮೇಲೆ ಬಂದ, ಹೆಂಡತಿ ಅವರ ಹಗ್ಗ ಹಿಡಿದು ಮೇಲೆ ಬಂದಳು. ನಾನು ಬಾವಿಗೆ ಬಾಗಿ ನೋಡಿದೆ. ಕೆಳಗೆ ಗೋಡೆ ಇಲ್ಲ, ಮೊಣಕಾಲ ತನಕ ರಾಡಿ. ಅದರಲ್ಲಿ ಇಬ್ಬರು ಯಜಮಾನರು ಬೆನ್ನಿಗೆ ಬೆನ್ನು ಮಾಡಿ ನಿಂತಿದ್ದಾರೆ. ಗೆರೆ ಹಾಕಬೇಕೆಂದರೆ ಒಬ್ಬರು ಇನ್ನೊಬ್ಬರಿಗೆ ಹಗ್ಗದ ತುದಿ ಹಿಡಿ ಎನ್ನಬೇಕು. ಅನ್ನುವವರು ಯಾರು?

ಅವರಿಬ್ಬರ ಬೆನ್ನು ನೋಡಿ ನನ್ನ ತಲೆ ಕೆಟ್ಟಿತು. ಹಗ್ಗವನ್ನು ಸರಸರನೆ ಮೇಲಕ್ಕೆಳೆದು ಸುತ್ತಿಟ್ಟೆ.

"ಏ, ಹಗ್ಗ ಯಾಕ ಎಳದಿ?" ಎಂದರು ಇವರು.

"ಹೂಳು ಮ್ಯಾಲೆ ಬಂದ ಮ್ಯಾಲೆ ನೀವೂ ಮ್ಯಾಲೆ ಬರ್ರಿ. ಬುಟ್ಟಿ ಮಾತ್ರ ಬಿಡ್ತೀವಿ. ನೀವು ಕುಂತ್ರ ಎಳೆಯಂಗಿಲ್ಲ, ರಾಡಿ ಕುಂತ್ರ ಎಳೀತೀವಿ," ಎಂದೆ. ಆಚೆ ಅಕ್ಕನ ಹಗ್ಗವೂ ಮೇಲೇರಿದ ಸದ್ದಾಯಿತು.

ಕೆಳಗೆ ಸೆಲೆಯಿಂದ ನೀರು ಒಸರುತ್ತಲೇ ಇತ್ತು. ಮೊಣಕಾಲಿನ ಮೇಲೆ ಬಂದಾಗ ಭಾವನವರು ಕೆಮ್ಮಿದರು.

"ಸಲಿಕಿ ಆ ಕಡೆ ಐತೇನು?" ಎಂದು ಬಾವಿಯ ಕಲ್ಲನ್ನು ಕೇಳಿದರು.

"ಇಲ್ಲೈತಿ," ಎಂದು ನಮ್ಮವರು ಇನ್ನೊಂದು ಕಲ್ಲಿಗೆ ಹೇಳಿದರು.

"ನೀ ಬಾಚು. ನಾ ಬುಟ್ಟಿ ಹಿಡೀತೀನಿ."

"ನೀನಽ ಬಾಚು. ಸಣ್ಣಾವ ಇದ್ದಾಗಿಂದ ಭಾರದ ಕೆಲಸ ನನಗಽ ಹಚ್ಚೀದಿ."

"ಸಣ್ಣಾವ ಇದ್ದಾಗ ನಿನ್ನ ಹೊತಗೊಂಡು ತಿರಗಿದಾಂವ ಯಾರಲೇ?"

ಅದಕ್ಕೆ ಉತ್ತರವಾಗಿ ಸಲಿಕೆಯ ಸದ್ದು ಬಂತು. ನಾನು ಕಟ್ಟೆಯ ಮೇಲೆ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡೆ, ನಗು ಬಂದೋ ಅಳು ಬಂದೋ ಈಗ ಹೇಳಲಾರೆ. ಆಮೇಲೆ ಬುಟ್ಟಿಯ ಮೇಲೆ ಬುಟ್ಟಿ. ನಾನೂ ಬೇವೂರಿನವನೂ ಇಲ್ಲಿ, ಅಕ್ಕನೂ ಅವನ ಹೆಂಡತಿಯೂ ಅಲ್ಲಿ, ಕೈ ಕಿತ್ತು ಬರುವ ಹಾಗೆ ಎಳೆದೆವು. ಯಾರ ರಾಡಿ ಯಾರ ಬುಟ್ಟಿಗೆ ಬಂತೋ ಯಾರೂ ಕೇಳಲಿಲ್ಲ. ಹೊತ್ತು ಇಳಿಯುವಷ್ಟರಲ್ಲಿ ತಳದ ಕಲ್ಲು ಕಂಡಿತು, ಸೆಲೆ ಗುಳುಗುಳು ಎಂದಿತು.

ಹಗ್ಗ ಬಿಟ್ಟೆವು. "ಹಿಡಕೊಂಡ್ರೇನು?" ಎಂದರೆ "ಹೂಂ" ಎಂದು ಬಂತು. ಎಳೆದೆವು. ತಲೆಯಿಂದ ಕಾಲಿನವರೆಗೆ ರಾಡಿ ಮೆತ್ತಿದ ಮನುಷ್ಯನೊಬ್ಬ ಕಟ್ಟೆ ಹತ್ತಿ ನಿಂತ. "ಬರ್ರಿ, ಬಿಸಿನೀರು ಕಾದೈತಿ," ಎಂದು ಕೈ ಹಿಡಿಯಲು ಹೋದೆ. ಅವರು ಮುಖದ ರಾಡಿ ಒರೆಸಿಕೊಂಡಾಗ ನೋಡಿದರೆ ಭಾವನವರು! ತಳದಲ್ಲಿ ತಿರುಗಿ ತಿರುಗಿ ದಿಕ್ಕು ತಪ್ಪಿ ನಮ್ಮ ಹಗ್ಗ ಹಿಡಿದಿದ್ದರು. ಆಚೆ ಹಿತ್ತಲಿನಲ್ಲಿ ಅಕ್ಕ "ಅಯ್ಯ, ಮೈದುನಾ!" ಎಂದದ್ದು ಕೇಳಿಸಿತು.

ನಾನು ತಟ್ಟನೆ ಸೆರಗು ಎಳೆದುಕೊಂಡೆ. ತಮ್ಮನ ಹೆಂಡತಿ ಭಾವನ ಜೊತೆ ನೇರ ಮಾತಾಡುವ ಪದ್ಧತಿ ಇಲ್ಲ. ಅಲ್ಲೇ ಕಟ್ಟಿದ್ದ ಕರುವಿನ ಕಡೆ ತಿರುಗಿದೆ.

"ಏ ಕರುವಽ, ಭಾವನವ್ರಿಗೆ ಜಳಕಕ್ಕ ನೀರು ತೆಗದೈತಿ ಅಂತ ಹೇಳು."

"ಏ ಕರುವಽ, ಜಳಕ ಮಾಡ್ತೀನಿ, ಊಟ ಮಾತ್ರ ಬ್ಯಾಡ ಅಂತ ಹೇಳು," ಎಂದರು ಭಾವನವರು.

"ಕರುವಽ, ಜ್ವಾಳದ ರೊಟ್ಟಿ, ಎಣ್ಣೆಗಾಯಿ ಬದನಿಕಾಯಿ ಆಗೈತಿ ಅಂತ ಹೇಳು."

ಭಾವನವರು ಕರುವನ್ನೇ ಸ್ವಲ್ಪ ಹೊತ್ತು ನೋಡಿದರು. "ಕರುವಽ, ಇಷ್ಟು ಒತ್ತಾಯ ಮಾಡ್ತಿ ಅಂದ್ರ ಆಗ್ಲಿ."

ಹಿತ್ತಲಲ್ಲೇ ಎಲೆ ಹಾಕಿಸಿಕೊಂಡು ಉಂಡರು. ಉಂಡ ಮೇಲೆ ಹೋಗಬೇಕೆಂದು ಎದ್ದವರು ಹಾಗೇ ನಿಂತರು. ಪಾಲಿನ ದಿನ ಹಿರಿಯರ ಮುಂದೆ ಮನೆದೇವರ ಆಣೆ ಹಾಕಿದ್ದರು: ತಮ್ಮನ ಮನೆಯ ಹೊಸ್ತಿಲು ದಾಟುವುದಿಲ್ಲ ಎಂದು. ಬಂದದ್ದೇನೋ ಬಾವಿಯಿಂದ, ಆಣೆ ಉಳಿದಿತ್ತು. ಹೋಗುವುದು ಹೇಗೆ? ಮನೆಯೊಳಗಿಂದಲ್ಲದೆ ನಮ್ಮ ಹಿತ್ತಲಿಗೆ ಬೇರೆ ದಾರಿ ಇಲ್ಲ.

ಬೇವೂರಿನವನು ಏಣಿ ತರಲೇ ಎಂದ. ಭಾವನವರು ತಲೆಯೆತ್ತಿ ಗೋಡೆಯ ತುದಿ ನೋಡಿದರು. ಅಲ್ಲಿ ಉದ್ದಕ್ಕೂ ಜಾಲಿಮುಳ್ಳು ಹೊದಿಸಿತ್ತು. ಹೊದಿಸಿದವರು ಅವರೇ.

"ಬಾವಿಗೆ ತಿರುಗಿ ಇಳಸ್ರಿ ನನ್ನ, ಆ ಕಡಿಂದ ಹತ್ತತೀನಿ," ಎಂದರು. ಇಣುಕಿದರೆ ನೀರು ಆಗಲೇ ಎದೆಮಟ್ಟ ಏರಿತ್ತು.

"ಕರುವಽ, ಆಣಿ ದೊಡ್ಡದೋ ಗೋಡಿ ದೊಡ್ಡದೋ ಅಂತ ಕೇಳು," ಎಂದೆ ನಾನು.

ಭಾವನವರು ದೇವರಿಗೆ ಹೆದರುವ ಮನುಷ್ಯ. ಒಂದು ಕ್ಷಣವೂ ಅನುಮಾನಿಸಲಿಲ್ಲ. ಹಾರೆ ಎತ್ತಿಕೊಂಡರು. ಬಾವಿಯ ಪಕ್ಕದಲ್ಲಿ ಗೋಡೆಗೆ ಮೊದಲ ಪೆಟ್ಟು ಹಾಕಿದರು. ಮಣ್ಣು ಉದುರಿತು. ಸ್ವಲ್ಪ ಹೊತ್ತಿಗೆ ಆಚೆಯಿಂದಲೂ ಪೆಟ್ಟು ಕೇಳತೊಡಗಿತು. ನಮ್ಮ ಮನೆಯವರು, ಅತ್ತಿಗೆ ಬಡಿಸಿದ್ದನ್ನು ಹೊಟ್ಟೆ ತುಂಬ ಉಂಡು, ಅಣ್ಣನಿಗಿಂತ ಮೊದಲು ತಾನು ಒಡೆಯಬೇಕೆಂದು ಪಣ ತೊಟ್ಟಿದ್ದರು. ಕಲ್ಲು ಬಿತ್ತು. ಧೂಳಿನಲ್ಲಿ ಎರಡು ಮುಖ ಕಂಡವು. ಭಾವನವರು ಬಗ್ಗಿ ಆ ಕಡೆ ಹೋದರು, ನಮ್ಮವರು ಬಗ್ಗಿ ಈ ಕಡೆ ಬಂದರು. ಆಣೆಯೂ ಮುರಿಯಲಿಲ್ಲ.

ಮಾರನೆಯ ದಿನ ಗೋಡೆ ಕಟ್ಟಿದ ಗೌಂಡಿಯೇ ಸುದ್ದಿ ಕೇಳಿ ಬಂದ. ಸಂದು ನೋಡಿದ, ಅದರಲ್ಲಿ ಆಗಲೇ ಕೊಡ ಹಿಡಿದು ಓಡಾಡುತ್ತಿದ್ದ ನನ್ನನ್ನೂ ಅಕ್ಕನನ್ನೂ ನೋಡಿದ. ಭಾವನವರು ಕಟ್ಟೆಯ ಮೇಲೆ ತಮ್ಮನ ಪಕ್ಕದಲ್ಲಿ ಕೂತು ತಿಳಿನೀರು ಕುಡಿಯುತ್ತಿದ್ದರು.

"ಧಣಿ, ಹಿಂಗ ಬಿಟ್ರ ಛಂದ ಕಾಣಂಗಿಲ್ಲ. ಒಂದು ಬಾಗಲಾ ಕೂಡಿಸಿ ಕೊಡ್ಲ್ಯಾ?"

"ಏ ಹುಚ್ಚಾ, ಬಾಗಲಾ ಬ್ಯಾಡ!" ಎಂದು ಭಾವನವರು ಗಾಬರಿಯಿಂದ ಎದ್ದು ನಿಂತರು. "ಬಾಗಲಾ ಅಂದ್ರ ಹೊಸ್ತಿಲಾ ಬರತೈತಿ. ಹೊಸ್ತಿಲಾ ಬಂದ್ರ ನನಗ ಆಣಿ ಅಡ್ಡ ಬರತೈತಿ. ನನ್ನ ಮ್ಯಾಲೆ ಒಂದೀಟರ ಕರುಣಾ ಇದ್ರ ಆ ಸಂದು ಇನ್ನಷ್ಟು ಅಗಲ ಮಾಡಿ ಹೋಗು!"